ಅಜ್ಜನ ಹೆಂಚಿನ ಮನೆ ರಿಪೇರಿ: ಮೊದಲು ಎಲ್ಲಿಗೆ ಕೈ ಹಾಕಲಿ?

ಬೀಗದಕೈ
ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿ ನಮ್ಮ ಅಜ್ಜನ ಮನೆ ಇದೆ. ಬಾಗಿಲ ಮೇಲೆ 1962 ಅಂತ ಕೆತ್ತಿದ್ದಾರೆ. ಜಂಬಿಟ್ಟಿಗೆ (ಕಡಿದು ತೆಗೆದ ಕೆಂಪು ಕಲ್ಲು) ಗೋಡೆ, ಮಂಗಳೂರು ಹೆಂಚು, ಒಳಗೆ ಕೆಂಪು ಗಾರೆ ನೆಲ. ಅಜ್ಜಿ ಹೋದ ಮೇಲೆ ಆರು ವರ್ಷ ಬೀಗ ಹಾಕಿತ್ತು. ಈಗ ನಾನೂ ಹೆಂಡತಿಯೂ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದು ಕೂತಿದ್ದೇವೆ. ಮಳೆಗಾಲಕ್ಕೆ ಮೂರು ತಿಂಗಳಿದೆ. ಕೈಯಲ್ಲಿ ನಲವತ್ತು ಸಾವಿರ ಇದೆ. ನನಗೆ ಮೊಳೆ ಹೊಡೆಯಲು ಬರುತ್ತದೆ, ಅಷ್ಟೇ.

ತೊಂದರೆಗಳು: ನಡುಮನೆ ಗೋಡೆಯಲ್ಲಿ ನೆಲದಿಂದ ಮೂರಡಿವರೆಗೆ ಬಣ್ಣ ಉದುರುತ್ತಿದೆ. ಹೆಬ್ಬಾಗಿಲು ನೆಲಕ್ಕೆ ಉಜ್ಜುತ್ತದೆ. ಬಚ್ಚಲ ನಲ್ಲಿ ಸೋರುತ್ತದೆ. ವೈರಿಂಗ್ ಮರದ ಪಟ್ಟಿಯ ಮೇಲೆ ಓಡುತ್ತದೆ. ಅಡುಗೆಮನೆ ಸ್ವಿಚ್ ಮುಟ್ಟಿದರೆ ಒಂದೊಂದು ಸಲ ಜುಮ್ ಅನ್ನುತ್ತದೆ.

ಉತ್ಸಾಹದಲ್ಲಿ ಎರಡು ಮೂಟೆ ಪುಟ್ಟಿ, ಇಪ್ಪತ್ತು ಲೀಟರ್ ಬಣ್ಣ ತಂದುಬಿಟ್ಟೆ. ಒಂದು ಗೋಡೆಗೆ ಪುಟ್ಟಿ ಹಚ್ಚಿಯೂ ಆಯಿತು. ಹತ್ತು ದಿನಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಎಲ್ಲಿ ತಪ್ಪಿದೆ? ಮೊದಲು ಯಾವ ಕೆಲಸ ಹಿಡಿಯಲಿ?

ಟೆಸ್ಟರ್ ಬಾಬು
ಬಣ್ಣ, ಬಾಗಿಲು, ನಲ್ಲಿ ಎಲ್ಲ ಆಮೇಲೆ. ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದಿರಲ್ಲ, ಅದೇ ಮೊದಲ ಕೆಲಸ. ಇವತ್ತೇ.

ಬಚ್ಚಲೊಲೆ
ಸುಣ್ಣದ ಗೋಡೆಗೆ ಪುಟ್ಟಿ ಹಚ್ಚಿದ್ದೀರಿ. ಅರವತ್ತು ವರ್ಷದಿಂದ ಸುಣ್ಣದ ಮೇಲೆ ಸುಣ್ಣ ಬಳಿದಿರುತ್ತಾರೆ. ಆ ಪುಡಿ ಪದರಕ್ಕೆ ಪುಟ್ಟಿ ಅಂಟುವುದಿಲ್ಲ. ಅಂಗೈಯಲ್ಲಿ ಗೋಡೆ ಸವರಿ ನೋಡಿ, ಕೈ ಬೆಳ್ಳಗಾಗುತ್ತದೆ.

ನಿವೃತ್ತ ಓವರ್ಸೀಯರ್
ಪುಟ್ಟಿ ಅಂಟದಿರುವುದು ಸಣ್ಣ ವಿಷಯ. ಮೂರಡಿವರೆಗೆ ಮಾತ್ರ ಯಾಕೆ ಉದುರುತ್ತಿದೆ ಅನ್ನುವುದು ದೊಡ್ಡ ವಿಷಯ. ಕೆಲವು ಪ್ರಶ್ನೆ ಕೇಳುತ್ತೇನೆ, ನೋಡಿಕೊಂಡು ಉತ್ತರ ಬರೆಯಿರಿ.

ಎಲ್ಲ ಗೋಡೆಯಲ್ಲೂ ಹೀಗಿದೆಯಾ, ಒಂದೇ ಗೋಡೆಯಾ? ಆ ಗೋಡೆಯ ಹೊರಗೆ ಏನಿದೆ? ಬಿಳಿ ಹತ್ತಿಯ ಹಾಗೆ ಉಪ್ಪು ಬಂದಿದೆಯಾ? ಮನೆಯ ಸುತ್ತಲಿನ ನೆಲ ಒಳಗಿನ ನೆಲಕ್ಕಿಂತ ಎಷ್ಟು ಕೆಳಗಿದೆ? ಹೆಂಚಿನ ನೀರು ಎಲ್ಲಿ ಬೀಳುತ್ತದೆ?

ಉತ್ತರ ಸಿಗುವ ತನಕ ಬ್ರಷ್ ಮುಟ್ಟಬೇಡಿ.

ಸೈಟ್ ಸ್ವಾಮಿ
ಇಷ್ಟೆಲ್ಲ ಯಾಕೆ ಸರ್? ಉದುರಿದ ಜಾಗ ಕೆತ್ತಿ, ಸಿಮೆಂಟ್ ಪ್ಲಾಸ್ಟರ್ ಮಾಡಿ, ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿ. ಎರಡು ದಿನದ ಕೆಲಸ. ನಿಜ ಹೇಳಬೇಕೆಂದರೆ ಕೆಡವಿ ಆರ್‌ಸಿಸಿ ಹಾಕುವುದೇ ವಾಸಿ.

ಬಚ್ಚಲೊಲೆ
ನಲವತ್ತು ಸಾವಿರಕ್ಕೆ ಆರ್‌ಸಿಸಿ ಮನೆ! ನನಗೂ ಎರಡು ಕಟ್ಟಿಸಿಕೊಡಿ.

ನಿವೃತ್ತ ಓವರ್ಸೀಯರ್
ಸ್ವಾಮಿಯವರೆ, ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಇದ್ದರೆ ಕುಡಿದ ನೀರು ಗೋಡೆಯ ಮೈಯಿಂದಲೇ ಆರಿ ಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಕಟ್ಟಿಹೋಗುತ್ತದೆ. ಒಳಗಿನ ನೀರು ಏನು ಮಾಡಬೇಕು? ಮೇಲಕ್ಕೆ ಹತ್ತುತ್ತದೆ. ಇವತ್ತು ಮೂರಡಿಯಲ್ಲಿರುವುದು ಎರಡು ಮಳೆಗಾಲ ಕಳೆದರೆ ಐದಡಿ. ನಾನೇ ಸರ್ವಿಸ್‌ನಲ್ಲಿದ್ದಾಗ ಒಂದು ಹಳೇ ವಸತಿಗೃಹಕ್ಕೆ ಹೀಗೆ ಸಿಮೆಂಟ್ ಹೊಡೆಸಿ, ಮೂರನೇ ವರ್ಷ ತಲೆ ತಗ್ಗಿಸಿಕೊಂಡು ಅದೇ ಗೋಡೆ ಮುಂದೆ ನಿಂತಿದ್ದೇನೆ. ಸಿಮೆಂಟ್ ಕೆಟ್ಟದ್ದಲ್ಲ. ಈ ಗೋಡೆಗೆ ಆಗಿಬರುವುದಿಲ್ಲ, ಅಷ್ಟೇ.

ಸೈಟ್ ಸ್ವಾಮಿ
ನಮ್ಮ ಮನೆಗೂ ಸಿಮೆಂಟ್ ಹೊಡೆಸಿದ್ದೇವೆ, ಹನ್ನೆರಡು ವರ್ಷ ಆಯಿತು, ಏನೂ ಆಗಿಲ್ಲ.

ಮುರಕಲ್ಲು ಮಾಣಿ
ನಿಮ್ಮ ಮನೆ ಯಾವ ಊರಲ್ಲಿ ಮಾರಾಯ್ರೆ?

ಸೈಟ್ ಸ್ವಾಮಿ
ಚಿತ್ರದುರ್ಗ.

ಮುರಕಲ್ಲು ಮಾಣಿ
ಅದೇ ಮತ್ತೆ! ನಮ್ಮಲ್ಲಿ ಒಂದು ವಾರ ಸುರಿಯುವ ಮಳೆಗೆ ನಿಮ್ಮಲ್ಲಿ ಒಂದು ವರ್ಷ ಕಾಯಬೇಕು. 😄

ಟೆಸ್ಟರ್ ಬಾಬು
ಎಲ್ಲರೂ ಗೋಡೆ ಹಿಡಿದುಕೊಂಡಿರಿ. ನಾನು ಕರೆಂಟ್ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮರದ ಪಟ್ಟಿ ವೈರಿಂಗ್ ಅಂದರೆ ಬಹುಶಃ ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಇಲ್ಲ. ಮೀಟರ್ ಹತ್ತಿರ ಬಿಳಿ ಪಿಂಗಾಣಿ ಫ್ಯೂಸ್ ಇರುತ್ತದೆ, ಮೇನ್ ಆಫ್ ಮಾಡಿ ಎಳೆದು ನೋಡಿ. ಒಳಗೆ ಫ್ಯೂಸ್ ವೈರ್ ಬದಲು ಯಾರೋ ದಪ್ಪ ತಾಮ್ರದ ತಂತಿ ಸುತ್ತಿರುತ್ತಾರೆ. ನೂರಕ್ಕೆ ಎಂಬತ್ತು ಹಳೇ ಮನೆಗಳಲ್ಲಿ ನಾನು ಅದನ್ನೇ ಕಂಡಿದ್ದೇನೆ. ಅದು ಫ್ಯೂಸ್ ಅಲ್ಲ, ಬೆಂಕಿಗೆ ಕರೆಯೋಲೆ.

ಇನ್ನೊಂದು ಸಂಗತಿ. ಹಳೇ ವೈರಿಂಗ್‌ನಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರ್) ಕೊಟ್ಟಿರುತ್ತಾರೆ. ಸ್ವಿಚ್ ಆಫ್ ಮಾಡಿದರೆ ಬಲ್ಬ್ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಬಲ್ಬ್ ಬದಲಾಯಿಸುವಾಗಲೂ ಮೇನ್ ಆಫ್ ಮಾಡಿ.

ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿದರೆ ಸಾಕು ಅಂತ ಸುಮಾರು ಜನ ತಿಳಿದಿದ್ದಾರೆ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಶಾಕ್ ಹೊಡೆದಾಗ ತಟ್ಟನೆ ಬೀಳುವುದು ಆರ್‌ಸಿಸಿಬಿ. 30 ಮಿಲಿಆಂಪಿನದ್ದು ಹಾಕಿಸಿ. ಲೈಟಿಗೆ 1.5, ಪ್ಲಗ್ಗಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್. ಅರ್ತಿಂಗ್ ಗುಂಡಿ ಹೊಸದಾಗಿ ತೆಗೆಸಿ. ಇದನ್ನೆಲ್ಲ ಯೂಟ್ಯೂಬ್ ನೋಡಿ ನೀವೇ ಮಾಡಲು ಹೋಗಬೇಡಿ. ಲೈಸೆನ್ಸ್ ಇರುವವರನ್ನು ಕರೆಸಿ. ನಿಮ್ಮ ನಲವತ್ತು ಸಾವಿರದಲ್ಲಿ ಅರ್ಧ ಇಲ್ಲೇ ಹೋದರೂ ಬೇಜಾರು ಮಾಡಿಕೊಳ್ಳಬೇಡಿ.

ಬೀಗದಕೈ
ಬಾಬು ಸರ್, ಫ್ಯೂಸ್ ಎಳೆದು ನೋಡಿದೆ. ತಾಮ್ರದ ತಂತಿ ಕೂಡ ಅಲ್ಲ. ಬೇಲಿ ಕಟ್ಟುವ ತಂತಿ.

ಟೆಸ್ಟರ್ ಬಾಬು
🙏🙏 ಮೇನ್ ಆಫ್ ಮಾಡಿ, ಪಕ್ಕದ ಮನೆಯಲ್ಲಿ ಮಲಗಿ.

ಜೆರ್ಸಿಯ ಸೊಸೆ
ನಾವು ನ್ಯೂಜೆರ್ಸಿಯಲ್ಲಿ 1920ರ ಆಸುಪಾಸಿನ ಮನೆ ತೆಗೆದುಕೊಂಡಿದ್ದೇವೆ. ಇಲ್ಲಿ 1978ಕ್ಕಿಂತ ಹಿಂದಿನ ಮನೆ ಅಂದ ಕೂಡಲೇ ಮೊದಲು ಕೇಳುವುದು ಬಣ್ಣದಲ್ಲಿ ಸೀಸ ಇದೆಯಾ ಅಂತ. ಆ ವರ್ಷ ಮನೆಬಣ್ಣದಲ್ಲಿ ಸೀಸ ನಿಷೇಧ ಮಾಡಿದರು. ನಮ್ಮ ಕಡೆ ಯಾರೂ ಇದನ್ನು ಮಾತಾಡುವುದಿಲ್ಲ, ಅಲ್ವಾ? ಭಾರತದಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಅಜ್ಜನ ಕಾಲದ ಕಿಟಕಿ ಬಾಗಿಲಿನ ಆಯಿಲ್ ಪೇಂಟನ್ನು ಒಣದಾಗಿ ಉಜ್ಜಬೇಡಿ. ಮೆಷಿನ್ ಹಾಕಿ ಧೂಳೆಬ್ಬಿಸಲೇಬೇಡಿ. ನೀರು ಚಿಮುಕಿಸಿ, ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆಯಿರಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಜಾಗ್ರತೆ. ಸುಣ್ಣ ಬಳಿದ ಗೋಡೆಗೆ ಈ ಭಯ ಇಲ್ಲ.

ಬೀಗದಕೈ
ಥ್ಯಾಂಕ್ಸ್ ಅಕ್ಕ. ಕಿಟಕಿ ಸರಳಿಗೆ ಐದಾರು ಕೋಟಿನ ಹಸಿರು ಬಣ್ಣ ಇದೆ. ನಿನ್ನೆ ತಾನೇ ಸ್ಯಾಂಡ್‌ಪೇಪರ್ ತಂದಿದ್ದೆ. ಪಕ್ಕಕ್ಕಿಟ್ಟೆ.

ಕೊಡೆ ಮರೆತವ
ಹೆಬ್ಬಾಗಿಲ ವಿಷಯ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಉಜ್ಜಿದರೆ ಮರ ಉಬ್ಬಿದೆ ಅನ್ನಬಹುದು. ಬೇಸಿಗೆಯಲ್ಲೂ ಉಜ್ಜುತ್ತದೆ ಅಂದರೆ ಹಿಂಜು ಜೋತಿದೆ. ಆಚಾರಿಯನ್ನು ಕರೆದು ಹತ್ತರಿ ಹೊಡೆಸಬೇಡಿ. ಬಾಗಿಲ ತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಅಲ್ಲಾಡಿದರೆ ಮೇಲಿನ ಹಿಂಜಿನ ಸ್ಕ್ರೂ ಸಡಿಲಾಗಿದೆ. ಸ್ಕ್ರೂ ಬಿಚ್ಚಿ, ತೂತಿಗೆ ಫೆವಿಕಾಲ್ ಬಿಟ್ಟು, ಬೆಂಕಿಕಡ್ಡಿ ತುರುಕಿ (ಮದ್ದಿನ ತಲೆ ಮುರಿದು!), ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಸ್ಕ್ರೂ ತಿರುಗಿಸಿ. ಬಾಗಿಲ ಕೆಳಗೆ ಇಟ್ಟಿಗೆ ಚೂರು ಕೊಟ್ಟು ನಿಲ್ಲಿಸಿಕೊಳ್ಳುವುದು ಮರೆಯಬೇಡಿ. ನಾನು ಮರೆತಿದ್ದೆ. ಬಲಗಾಲಿನ ಹೆಬ್ಬೆರಳು ಇನ್ನೂ ಮಳೆ ಬರುವ ಮುಂಚೆ ಹೇಳುತ್ತದೆ.

ಅತ್ತೆಮನೆ ಅಳಿಯ
ನಲ್ಲಿ ಸೋರುವುದಕ್ಕೆ ಪ್ಲಂಬರ್ ಬೇಡ. ವಾಷರ್ ಸವೆದಿರುತ್ತದೆ. ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ನಲ್ಲಿ ತಲೆ ಬಿಚ್ಚಿ, ಒಳಗಿನ ರಬ್ಬರ್ ತೋರಿಸಿ ಅಂಗಡಿಯಲ್ಲಿ ಅದೇ ಅಳತೆಯದ್ದು ಕೇಳಿ. ಹತ್ತು ರೂಪಾಯಿ ಕೂಡ ಆಗುವುದಿಲ್ಲ. ಇಡೀ ನಲ್ಲಿ ಬದಲಿಸುವುದಾದರೆ ಟೆಫ್ಲಾನ್ ಟೇಪನ್ನು ನಲ್ಲಿ ತಿರುಗಿಸುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಮತ್ತೆ ಹಳೇ ಕಬ್ಬಿಣದ ಪೈಪಾದರೆ ಜೋರು ಮಾಡಬೇಡಿ. ಅತ್ತೆಮನೆಯಲ್ಲಿ ಗಂಡಸುತನ ತೋರಿಸಲು ಹೋಗಿ, ನಲ್ಲಿಯ ಜೊತೆ ತುಕ್ಕು ಹಿಡಿದ ಪೈಪಿನ ತುಂಡೂ ಕೈಗೆ ಬಂತು. ದೀಪಾವಳಿ ಹಬ್ಬದ ದಿನ. ಅಭ್ಯಂಜನಕ್ಕೆ ಎಣ್ಣೆ ಹಚ್ಚಿಕೊಂಡು ಹನ್ನೊಂದು ಜನ ಕಾಯುತ್ತಿದ್ದರು.

ಬಚ್ಚಲೊಲೆ
ಅಯ್ಯೋ 😂 ಆಮೇಲೆ?

ಅತ್ತೆಮನೆ ಅಳಿಯ
ಬಾವಿಯಿಂದ ನೀರು ಸೇದಿದೆ. ಹನ್ನೊಂದೂ ಜನಕ್ಕೆ.

ಬೀಗದಕೈ
ಓವರ್ಸೀಯರ್ ಸರ್, ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡು ಮನೆ ಸುತ್ತ ತಿರುಗಿದೆ. ತೇವ ಇರುವುದು ಮುಂದಿನ ಗೋಡೆಯಲ್ಲಿ ಮಾತ್ರ. ಹಿತ್ತಿಲ ಕಡೆಯ ಗೋಡೆ ಒಣಗಿ ಕಟಕಟ ಅನ್ನುತ್ತದೆ. ಉಪ್ಪು ಬಂದಿದೆ. ಹೊರಗೆ ಅಂಗಳ. ನಾಲ್ಕು ವರ್ಷದ ಹಿಂದೆ ಚಿಕ್ಕಪ್ಪ ಅಡಿಕೆ ಒಣಗಿಸಲು ಅನುಕೂಲ ಅಂತ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ (ಒಂದಕ್ಕೊಂದು ಕೂಡುವ ಸಿಮೆಂಟ್ ಕಲ್ಲು) ಹಾಕಿಸಿದ್ದಾರೆ. ಮೊದಲು ಜಗುಲಿಗೆ ಮೂರು ಮೆಟ್ಟಿಲಿತ್ತು. ಈಗ ಒಂದೂವರೆ ಇದೆ.

ನಿವೃತ್ತ ಓವರ್ಸೀಯರ್
ಕಳ್ಳ ಸಿಕ್ಕಿದ. ಈಗ ಅಂಗಳದ ಮಧ್ಯೆ ಒಂದು ಬಕೆಟ್ ನೀರು ಸುರಿಯಿರಿ. ಯಾವ ಕಡೆ ಹೋಗುತ್ತದೆ ನೋಡಿ.

ಬೀಗದಕೈ
ಸುರಿದೆ. ಸೀದಾ ಜಗುಲಿ ಕಡೆ ಬಂತು. ಗೋಡೆ ಬುಡದ ಸಂದಿಗೆ ಸೇರಿ ಮಾಯ. ಎರಡನೇ ಬಕೆಟ್ಟೂ ಅಷ್ಟೇ. ಹೆಂಡತಿ ವಿಡಿಯೋ ಮಾಡಿ ಚಿಕ್ಕಪ್ಪನಿಗೆ ಕಳಿಸಿದಳು. ಇನ್ನೂ ಉತ್ತರ ಬಂದಿಲ್ಲ.

ನಿವೃತ್ತ ಓವರ್ಸೀಯರ್
ಹಳಬರು ಮೂರು ಮೆಟ್ಟಿಲು ಎತ್ತರಕ್ಕೆ ಅಡಿಪಾಯ ಕಟ್ಟಿದ್ದು ಅಂದಕ್ಕಲ್ಲ. ಹೆಂಚಿನ ನೀರು ಅಂಗಳಕ್ಕೆ ಬಿದ್ದು, ಅಲ್ಲಿಂದ ತೋಟಕ್ಕೆ ಇಳಿದು ಹೋಗುತ್ತಿತ್ತು. ಈಗ ಗೋಡೆ ಪಕ್ಕ ಎರಡಡಿ ಅಗಲಕ್ಕೆ ಇಂಟರ್‌ಲಾಕ್ ಎಬ್ಬಿಸಿ. ಸಿಮೆಂಟ್ ಹಾಕಿ ಕೂರಿಸದಿದ್ದರೆ ಹಾರೆಕೋಲಿನಲ್ಲಿ ಒಂದು ಕಲ್ಲು ಮೀಟಿದರೆ ಉಳಿದದ್ದು ಕೈಯಲ್ಲೇ ಬರುತ್ತದೆ. ಮಣ್ಣು ತೆಗೆದು ಹಳೇ ಮಟ್ಟಕ್ಕೆ ಇಳಿಸಿ ಚರಂಡಿ ಮಾಡಿ, ತೋಟದ ಕಡೆ ಇಳಿಜಾರು ಕೊಡಿ. ಹತ್ತಡಿಗೆ ಒಂದೂವರೆ ಎರಡು ಇಂಚಾದರೂ ಇರಲಿ. ಸೂರಿಗೆ ತಗಡಿನ ದೋಣಿ ಕಟ್ಟಿ. ಅಡಿಪಾಯದ ಕಲ್ಲು ಕಾಣುವ ತನಕ ಮಾತ್ರ ಅಗೆಯಿರಿ, ಅದರ ಕೆಳಗೆ ಕೈ ಹಾಕಬೇಡಿ.

ಆಮೇಲೆ ಗೋಡೆ ಒಣಗಲು ಬಿಡಿ. ಒಂದು ಬೇಸಿಗೆಗೆ ಪೂರ್ತಿ ಒಣಗುತ್ತದೆ ಅಂದುಕೊಳ್ಳಬೇಡಿ. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ತೆಗೆಯಿರಿ. ನೀರಲ್ಲಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ.

ಸೈಟ್ ಸ್ವಾಮಿ
ಇದು ಒಪ್ಪುತ್ತೇನೆ. ಇಳಿಜಾರು ತಪ್ಪಿದ್ದರೆ ಯಾವ ಕೋಟಿಂಗೂ ನಿಲ್ಲುವುದಿಲ್ಲ. ಆದರೆ ಸುಣ್ಣದ ಗಾರೆ ಮಾಡುವ ಕೆಲಸದವರು ಈಗ ಎಲ್ಲಿ ಸಿಗುತ್ತಾರೆ ಹೇಳಿ?

ಬಚ್ಚಲೊಲೆ
ಗಾರೆಗೆ ಸಿಗುವುದು ಕಷ್ಟ, ನಿಜ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆಯುತ್ತಿದ್ದವರ ಕಾಲ ಮುಗಿಯಿತು. ಆದರೆ ಸುಣ್ಣ ಬಳಿಯುವುದು ಯಾರಿಗಾದರೂ ಬರುತ್ತದೆ. ಪ್ರತಿ ದೀಪಾವಳಿಗೆ ನಾವು ಹುಡುಗರೇ ಬಳಿಯುತ್ತಿದ್ದೆವು.

ಸುಣ್ಣದ ಕಲ್ಲು ಅರಳಿಸುವಾಗ ಮಾತ್ರ ಹುಷಾರು. ದೊಡ್ಡ ಪಾತ್ರೆಯಲ್ಲಿ ಮೊದಲು ನೀರು. ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡಬೇಕು. ಕಲ್ಲಿನ ಮೇಲೆ ನೀರು ಸುರಿದರೆ ಮುಖಕ್ಕೇ ಸಿಡಿಯುತ್ತದೆ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಕರಗಿಹೋಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಒಂದು ವಾರವಾದರೂ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳಿ. ಗೋಡೆಗೆ ನೀರು ಚಿಮುಕಿಸಿ ಬಳಿಯಿರಿ. ಹಚ್ಚಿದಾಗ ಏನೂ ಕಾಣುವುದಿಲ್ಲ. ಸುಣ್ಣ ಹಾಳಾಗಿದೆ ಅಂತ ದಪ್ಪ ಮಾಡಲು ಹೋಗಬೇಡಿ. ಸಂಜೆಗೆ ಬೆಳ್ಳಗಾಗುತ್ತಾ ಬರುತ್ತದೆ. ತೆಳ್ಳಗೆ ಮೂರು ಕೋಟು. ಅಂಟಿಗೆ ನಮ್ಮಮ್ಮ ಅನ್ನದ ಗಂಜಿ ಹಾಕುತ್ತಿದ್ದರು.

ಗದಗಿನ ಮಾಳಿಗಿ
ನಿಮ್ಮ ಮಾತು ಕೇಳಿ ನಮ್ಮ ಮಣ್ಣಿನ ಮಾಳಿಗಿ ನೆನಪಾತು ನೋಡ್ರಿ. ಮಳಿಗಾಲಕ್ಕ ಮುಂಚೆ ಮ್ಯಾಲೆ ಹತ್ತಿ ಸವಳು ಮಣ್ಣು ಹಾಕಿ ತುಳಿಯೂದು. ಸವಳು ಮಣ್ಣಾಗ ಹುಲ್ಲು ಬೆಳಿಯಂಗಿಲ್ಲ, ಅದಕ್ಕ. ನಮ್ಮ ಮಾವ ಅದರ ಮ್ಯಾಲೆ ಸಿಮೆಂಟ್ ಹಾಕಿಸಿದ. ಭಾರಕ್ಕ ತೊಲಿ ಬಾಗಿ ಈಗ ಕೆಳಗ ಊರಗೋಲು ಕೊಟ್ಟೇವಿ.

ಮುರಕಲ್ಲು ಮಾಣಿ
ಅದೇನು ಎಲ್ಲರೂ ಜಂಬಿಟ್ಟಿಗೆ ಜಂಬಿಟ್ಟಿಗೆ ಅನ್ನುತ್ತೀರಿ? ಅದು ಮುರಕಲ್ಲು.

ಕೊಡೆ ಮರೆತವ
ಕುಮಟಾ ಕಡೆ ಚಿರೇಕಲ್ಲು ಅನ್ನುತ್ತೇವೆ ತಮಾ. ಎರಡೂ ಅಲ್ಲ.

ಜೆರ್ಸಿಯ ಸೊಸೆ
ಇಂಗ್ಲಿಷಿನ ಲ್ಯಾಟರೈಟ್ ಅನ್ನುವ ಹೆಸರೂ ನಮ್ಮ ಕರಾವಳಿಯಿಂದಲೇ ಹೋಗಿದ್ದು. ಬುಕನನ್ ಅನ್ನುವ ಬ್ರಿಟಿಷ್ ವೈದ್ಯ ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ, 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದ ಹೆಸರಿಟ್ಟ. ಹಾಗೆ ನೋಡಿದರೆ ಜಂಬಿಟ್ಟಿಗೆಯೇ ಗೆದ್ದಿತು.

ಮುರಕಲ್ಲು ಮಾಣಿ
ಅಂಗಾಡಿಪುರ ಮಲೆನಾಡಲ್ಲ ಅಕ್ಕ. ಡ್ರಾ ಮಾಡಿಕೊಳ್ಳುವ.

ಬೀಗದಕೈ
ನೀವು ಜಗಳ ಮುಗಿಸಿ, ನನ್ನದೊಂದು ಪ್ರಶ್ನೆ. ಅಟ್ಟದಲ್ಲಿ ಬಿಡಿ ಹೆಂಚುಗಳು ಸಿಕ್ಕವು. ಒಂದರ ಮೇಲೆ ಬಾಸೆಲ್ ಮಿಷನ್ 1865 ಅಂತ ಅಚ್ಚಿದೆ. ಅಂದರೆ ನೂರ ಅರವತ್ತು ವರ್ಷದ ಹೆಂಚಾ? ಮಾರಾಟಕ್ಕೆ ಇಟ್ಟರೆ ವೈರಿಂಗ್ ದುಡ್ಡು ಬರುತ್ತದಾ? 😀

ಮುರಕಲ್ಲು ಮಾಣಿ
1865 ಅಂದರೆ ಕಾರ್ಖಾನೆ ಶುರುವಾದ ವರ್ಷ ಮಾರಾಯ್ರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿಗಳು) ಆಗ ಶುರು ಮಾಡಿದ್ದು. ಆಮೇಲೆ ಎಷ್ಟೋ ವರ್ಷ ಸುಟ್ಟ ಹೆಂಚಿಗೂ ಅದೇ ಅಚ್ಚು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ನಿಮ್ಮದು 1962ರಲ್ಲಿ ಹೊಸದಾಗಿ ತಂದ ಹೆಂಚಲ್ಲ, ಬೇರೆ ಯಾವುದೋ ಹಳೇ ಮನೆ ಬಿಚ್ಚಿದಾಗ ಬಂದದ್ದಿರಬೇಕು. ಮಾರಬೇಡಿ. ಮಂಗ ಹಾರಿ ಹೆಂಚು ಒಡೆದಾಗ ಅದೇ ಅಳತೆಯದ್ದು ಬೇರೆಲ್ಲೂ ಸಿಗುವುದಿಲ್ಲ. ಬೇರೆ ಅಚ್ಚಿನ ಹೆಂಚಾದರೆ ತೋಡು ಕೂಡುವುದಿಲ್ಲ, ನೀರು ಇಳಿಯುತ್ತದೆ.

ಬಚ್ಚಲೊಲೆ
ಮಂಗ ಅಂದಿರಿ ನೋಡಿ! ನಮ್ಮಲ್ಲಿ ಈ ವರ್ಷ ಅರವತ್ತು ಹೆಂಚು. ಪಟಾಕಿ ಹೊಡೆದೆವು, ಹುಲಿ ಗೊಂಬೆ ಇಟ್ಟೆವು. ಗೊಂಬೆಯ ಬಾಲ ಕಿತ್ತುಕೊಂಡು ಹೋದವು.

ಅತ್ತೆಮನೆ ಅಳಿಯ
ಹೆಂಚಿನ ಮೇಲೆ ನೀವೇ ಹತ್ತುವುದಾದರೆ ನಡುವೆ ಕಾಲಿಡಬೇಡಿ. ಎರಡು ಹೆಂಚು ಒಂದರ ಮೇಲೊಂದು ಕೂತ ಜಾಗ, ಅಂದರೆ ಕೆಳಗೆ ರೀಪು (ಹೆಂಚು ಕೂರುವ ಅಡ್ಡ ಪಟ್ಟಿ) ಇರುವ ಕಡೆ ಹೆಜ್ಜೆ ಇಡಿ. ಪಾಚಿ ಇದ್ದರೆ ಹತ್ತಲೇಬೇಡಿ. ಬೀಳುವವರೆಗೆ ಎಲ್ಲರೂ ಹುಷಾರಿಯವರೇ. ಸಣ್ಣ ಕೆಲಸವಾದರೆ ಒಳಗಿನಿಂದಲೇ, ಅಟ್ಟದ ಮೇಲೆ ನಿಂತು, ಒಡೆದ ಹೆಂಚನ್ನು ಎತ್ತಿ ಹೊಸದು ತೂರಿಸಬಹುದು. ಬಿಸಿಲಲ್ಲಿ ಒಳಗೆ ಕತ್ತಲೆ ಮಾಡಿಕೊಂಡು ನೋಡಿ, ಬೆಳಕಿನ ಚುಕ್ಕಿ ಕಂಡ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಕೊಡೆ ಮರೆತವ
ಅಟ್ಟ ಹತ್ತಿದಾಗ ಪಕಾಸಿಗೆ (ರೀಪು ಹೊರುವ ಇಳಿಜಾರಿನ ಮರ) ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಗೆದ್ದಲು. ನಮ್ಮಲ್ಲಿ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚುತ್ತೇವೆ. ಗೆದ್ದಲು ಹತ್ತಿರ ಬರುವುದಿಲ್ಲ, ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಟೆಸ್ಟರ್ ಬಾಬು
ಕೊಟ್ಟಿಗೆಗೆ ಹಳೇ ಸಿಮೆಂಟ್ ಶೀಟ್ ಇದ್ದರೆ ಅದನ್ನು ಕೊಯ್ಯುವುದು, ಡ್ರಿಲ್ ಮಾಡುವುದು ಬೇಡ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇದ್ದಲ್ಲೇ ಇರಲಿ.

ಹೊಸ ಸೇರ್ಪಡೆ
ಕೆಂಪು ಗಾರೆ ನೆಲದ ಮೇಲೆ ಟೈಲ್ಸ್ ಹಾಕಿಸಿಬಿಡಿ. ಕ್ಲೀನಾಗಿರುತ್ತದೆ.

ಬಚ್ಚಲೊಲೆ
ಇವರನ್ನು ಹಿಡಿಯಿರಿ ಯಾರಾದರೂ.

ಜೆರ್ಸಿಯ ಸೊಸೆ
ಬೇಡ ಬೇಡ! ಈಗ ದುಡ್ಡು ಕೊಟ್ಟರೂ ಅಂಥ ನೆಲ ಹಾಕುವವರಿಲ್ಲ. ಆ್ಯಸಿಡ್ ಹಾಕಿ ತೊಳೆಯಬೇಡಿ, ಬಣ್ಣ ಹೋಗುತ್ತದೆ. ಸಾದಾ ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಳೇ ಬಟ್ಟೆಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ. ಸಣ್ಣ ಬಿರುಕಿಗೆ ತೇಪೆ ಹಾಕಲು ಹೋಗಬೇಡಿ. ಬಣ್ಣ ಕೂಡುವುದಿಲ್ಲ, ಬಿರುಕಿಗಿಂತ ತೇಪೆಯೇ ಎದ್ದು ಕಾಣುತ್ತದೆ.

ಬೀಗದಕೈ
ಹದಿನೆಂಟು ದಿನದ ನಂತರ ವರದಿ. ವೈರಿಂಗ್ ಮುಗಿಯಿತು, ಹತ್ತೊಂಬತ್ತು ಸಾವಿರ ಆಯಿತು. ಆರ್‌ಸಿಸಿಬಿ ಮೊದಲ ದಿನವೇ ಟಪ್ ಅಂತ ಬಿತ್ತು. ಅಡುಗೆಮನೆಯ ಹಳೇ ಮಿಕ್ಸಿಯಿಂದ ಕರೆಂಟ್ ಸೋರುತ್ತಿತ್ತಂತೆ. ಅಜ್ಜಿ ಅದರಲ್ಲೇ ಇಪ್ಪತ್ತು ವರ್ಷ ಚಟ್ನಿ ರುಬ್ಬಿದ್ದಾಳೆ, ಬರಿಗಾಲಲ್ಲಿ. ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತದೆ.

ಬೆಂಕಿಕಡ್ಡಿ ಉಪಾಯ ನಡೆಯಿತು, ಹೆಬ್ಬಾಗಿಲು ಒಂದು ಬೆರಳಲ್ಲಿ ತಳ್ಳಿದರೆ ತೆರೆಯುತ್ತದೆ. ನಲ್ಲಿಗೆ ಎಂಟು ರೂಪಾಯಿ. ಪೈಪ್ ಕಿತ್ತು ಬರಲಿಲ್ಲ. 😀

ಇಂಟರ್‌ಲಾಕ್ ಎಬ್ಬಿಸುವ ದಿನ ಚಿಕ್ಕಪ್ಪ ಬಂದರು. ಮೊದಲು ಮುಖ ದಪ್ಪ ಮಾಡಿಕೊಂಡು ನಿಂತಿದ್ದರು. ಮಣ್ಣು ತೆಗೆಯುತ್ತಾ ಹೋದ ಹಾಗೆ ಹಳೇ ಮೆಟ್ಟಿಲು ಕಂಡಿತು, ಅದರ ಪಕ್ಕ ಕಲ್ಲಿನ ಚರಂಡಿಯೂ ಇತ್ತು! ಅಜ್ಜನೇ ಕಟ್ಟಿಸಿದ್ದು. ತೋಟದ ತನಕ ಇಳಿಜಾರು ಸರಿಯಾಗೇ ಇದೆ. ಚಿಕ್ಕಪ್ಪ ಅದರ ಮೇಲೇ ಮಣ್ಣು ತುಂಬಿಸಿದ್ದರು. ಸುಮ್ಮನೆ ನೋಡಿದರು, ಪಂಚೆ ಎತ್ತಿಕಟ್ಟಿ ನನ್ನ ಕೈಯಿಂದ ಹಾರೆ ತಗೊಂಡರು. ಮಧ್ಯಾಹ್ನದ ತನಕ ಇಬ್ಬರೂ ಅಗೆದೆವು.

ನಿವೃತ್ತ ಓವರ್ಸೀಯರ್
ಆ ಚರಂಡಿಯ ಫೋಟೋ ಹಾಕಿ. ಬಣ್ಣ ಈ ವರ್ಷ ಬೇಡ.

ಬೀಗದಕೈ
ಆಯಿತು ಸರ್. ಬಣ್ಣದ ಡಬ್ಬ ತೆಗೆದಿಲ್ಲ, ಅಂಗಡಿಯವರು ವಾಪಸ್ ತಗೊಂಡರು. ಪುಟ್ಟಿ ಒಂದೂವರೆ ಮೂಟೆ ಉಳಿದಿದೆ. ಸಾಗರ, ಹೊಸನಗರ ಕಡೆ ಹೊಸ ಮನೆ ಕಟ್ಟುವವರು ಯಾರಾದರೂ ಇದ್ದೀರಾ? ಅರ್ಧ ಬೆಲೆಗೆ ಕೊಡುತ್ತೇನೆ.

ಸೈಟ್ ಸ್ವಾಮಿ
ಇಡಿ, ನಾನು ತಗೊಳ್ಳುತ್ತೇನೆ. ಮುಂದಿನ ವಾರ ಆ ಕಡೆ ಬರುವುದಿದೆ. ಚರಂಡಿಯನ್ನೂ ನೋಡಿದ ಹಾಗಾಗುತ್ತದೆ.